‘ಪಿಕ್ ಅಪ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬದಿಯಡ್ಕದ ಓದುಗ:

ಎಲ್ಲರಿಗೂ ನಮಸ್ಕಾರ. ಕೇರಳ ಪಿ.ಎಸ್.ಸಿ. ಪರೀಕ್ಷೆಗೆ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಭಾಗದಲ್ಲಿ ‘ಫ್ರೇಸಲ್ ವರ್ಬ್’ (ಕ್ರಿಯಾಪದಕ್ಕೆ ಪುಟ್ಟ ಪದ ಸೇರಿ ಬೇರೆ ಅರ್ಥ ಕೊಡುವುದು) ಎಂಬ ತಲೆನೋವೊಂದಿದೆ. ಎಸ್.ಎಸ್.ಎಲ್.ಸಿ.ಯಲ್ಲಿಯೂ ಇದ್ದದ್ದೇ, ಆದರೆ ಆಗ ಆವರಣದಲ್ಲಿ ಕೊಟ್ಟವುಗಳಲ್ಲಿ ಒಂದನ್ನು ಆರಿಸಿ ಬಿಟ್ಟ ಸ್ಥಳ ತುಂಬಿದರೆ ಮುಗಿಯುತ್ತಿತ್ತು. ಈಗ ಒಂದು ತಪ್ಪು ಉತ್ತರಕ್ಕೆ ಅಂಕದ ಮೂರನೇ ಒಂದು ಭಾಗ ಕಡಿತವಾಗುತ್ತದೆ. ಅಂದಾಜಿನಲ್ಲಿ ಗುರುತು ಹಾಕುವ ಧೈರ್ಯ ಬರುವುದಿಲ್ಲ.

ಪೇಟೆಯಲ್ಲಿ ಕೊಂಡ ಗೈಡಿನಲ್ಲಿ ಅರ್ಥಗಳು ಮಲಯಾಳದಲ್ಲಿವೆ. ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡ ಬರೆದುಕೊಳ್ಳುತ್ತಾ ಬಂದೆ. ‘ಪುಟ್ ಆಫ್’ ಎಂದರೆ ಮುಂದೂಡು, ‘ಲುಕ್ ಆಫ್ಟರ್’ ಎಂದರೆ ನೋಡಿಕೊಳ್ಳು, ‘ಗಿವ್ ಅಪ್’ ಎಂದರೆ ಕೈಬಿಡು. ಇಷ್ಟರವರೆಗೆ ಸುಖವಾಗಿತ್ತು. ‘ಪಿಕ್ ಅಪ್’ ಬಂದಾಗ ಅಂಚಿನ ಜಾಗ ಸಾಲಲಿಲ್ಲ. ಬಿದ್ದ ಪೆನ್ನನ್ನೂ ಪಿಕ್ ಅಪ್ ಮಾಡುತ್ತಾರೆ, ಶಾಲೆಯಿಂದ ಮಗುವನ್ನೂ ಮಾಡುತ್ತಾರೆ. ಭಾಷೆಯನ್ನು ಮಾಡುತ್ತಾರೆ, ಜ್ವರವನ್ನೂ ಮಾಡುತ್ತಾರೆ! ಪೊಲೀಸರು ಕಳ್ಳನನ್ನು ಮಾಡುತ್ತಾರೆ. ಗಾಳಿ ಮತ್ತು ವ್ಯಾಪಾರ ತಾವೇ ಪಿಕ್ ಅಪ್ ಆಗುತ್ತವೆ. ಇವೆಲ್ಲಕ್ಕೂ ಹೊಂದುವ ಒಂದು ಕನ್ನಡ ಪದವಿದೆಯೇ? ಇಲ್ಲದಿದ್ದರೆ ನೆನಪಿಟ್ಟುಕೊಳ್ಳುವ ದಾರಿ ಯಾವುದು?

ಉಪ್ಪಳದ ಅಡಿಕೆ ವ್ಯಾಪಾರಿ:

ನಮ್ಮ ಕಡೆ ಪಿಕಪ್ ಎಂದರೆ ಎರಡೇ ಅರ್ಥ. ಒಂದು, ಅಡಿಕೆ ಗೋಣಿ ತುಂಬುವ ವಾಹನ. ಇನ್ನೊಂದು, ಆ ವಾಹನಕ್ಕೆ ಪೆರ್ಲದ ಏರಿನಲ್ಲಿ ಇಲ್ಲದೇ ಹೋಗುವ ವಸ್ತು. ‘ಪಿಕಪ್‌ಗೆ ಪಿಕಪ್ ಇಲ್ಲ’ ಎಂದರೆ ಇಲ್ಲಿ ಯಾರಿಗೂ ಅನುವಾದ ಬೇಡ.

ಪೆರ್ಲದ ಮಾಷ್ಟ್ರು:

ಬದಿಯಡ್ಕದ ತಮ್ಮನಿಗೆ ಮೊದಲು ಒಂದು ಸಮಾಧಾನ. ಇದು ನಮ್ಮ ದಡ್ಡತನದಿಂದ ಬಂದ ಕಷ್ಟವಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ದೊಡ್ಡ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದಾಗ ಮುನ್ನುಡಿಯಲ್ಲೇ ಈ ಮಾತು ತೆಗೆದಿದ್ದಾನೆ: ಕ್ರಿಯಾಪದದ ಹಿಂದೆ ಒಂದು ಪುಟ್ಟ ಪದ ಸೇರಿಸಿ ಅರ್ಥವನ್ನೇ ತಿರುಗಿಸುವ ಅಭ್ಯಾಸ ಇಂಗ್ಲಿಷಿನಲ್ಲಿ ವಿಪರೀತವಾಗಿದೆ, ಪರದೇಶದವರಿಗೆ ಅತಿ ಹೆಚ್ಚು ತೊಡಕಾಗುವುದು ಇಲ್ಲಿಯೇ ಎಂದು. ಆದರೂ ಈ ಜಾತಿಯ ಪದಗಳಿಗೆ ಒಂದು ಹೆಸರು ನೆಲೆಗೊಳ್ಳಲು ಬಹಳ ಕಾಲ ಹಿಡಿಯಿತು. ‘ಫ್ರೇಸಲ್ ವರ್ಬ್’ ಎಂಬುದನ್ನು ಬಳಕೆಗೆ ತಂದವನು ಲೋಗನ್ ಪಿಯರ್ಸಲ್ ಸ್ಮಿತ್, 1925ರಲ್ಲಿ. ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾಗಿದ್ದ ಹೆನ್ರಿ ಬ್ರಾಡ್ಲಿ ಎಂದು ಅವನೇ ಹೇಳಿಕೊಂಡಿದ್ದಾನೆ.

ಈಗ ನಿಮ್ಮ ಪ್ರಶ್ನೆ. ಒಂದೇ ಕನ್ನಡ ಪದ ಹುಡುಕುವ ಆಸೆ ಬಿಡಿ. ‘ಪಿಕ್’ ಎಂಬುದರ ಹಳೆಯ ಅರ್ಥ ಮೊನೆಯಿಂದ ಕುಕ್ಕುವುದು, ಚುಚ್ಚಿ ಕೀಳುವುದು. ‘ಅಪ್’ ಎಂದರೆ ಮೇಲಕ್ಕೆ. ಅಂಗಳದಲ್ಲಿ ಕೋಳಿ ಕಾಳು ಕುಕ್ಕಿ ಕತ್ತೆತ್ತುವ ಹಾಗೆ ಎಂದು ಕಲ್ಪಿಸಿಕೊಳ್ಳಿ. ಕೆಳಗೆ ಬಿದ್ದದ್ದು ಕೈಗೆ ಬಂತು, ಇಲ್ಲವೇ ಕೆಳಗಿದ್ದದ್ದು ಮೇಲೆ ಬಂತು. ಉಳಿದದ್ದೆಲ್ಲ ಈ ಎರಡರ ವಿಸ್ತಾರ. ಕೈಗೆ ಬರುವ ದಾರಿಯಲ್ಲಿ ಪೆನ್ನು, ಮಗು, ಪಾರ್ಸೆಲ್, ಕಳ್ಳ, ಭಾಷೆ, ಜ್ವರ, ರೇಡಿಯೋ ಅಲೆ. ಮೇಲೆ ಬರುವ ದಾರಿಯಲ್ಲಿ ಗಾಳಿ, ವೇಗ, ವ್ಯಾಪಾರ, ರೋಗಿಯ ಆರೋಗ್ಯ. ಎರಡನೆಯದರಲ್ಲಿ ಹೆಚ್ಚಾಗಿ ಕರ್ಮಪದ ಇರುವುದಿಲ್ಲ. ಪರೀಕ್ಷೆಯ ವಾಕ್ಯದಲ್ಲಿ ಮೊದಲು ಅದನ್ನು ನೋಡಿ. ಏನನ್ನು ಎಂಬ ಪ್ರಶ್ನೆಗೆ ಉತ್ತರ ಸಿಗದೆ, ಕರ್ತೃ ಮಾರುಕಟ್ಟೆಯೋ ಗಾಳಿಯೋ ಆಗಿದ್ದರೆ, ‘ಚೇತರಿಸು’, ‘ಜೋರಾಗು’ ಎಂಬ ಅರ್ಥವೇ. ವೇಗದ ಮಾತಿನಲ್ಲಿ ಮಾತ್ರ ಎಚ್ಚರಿಕೆ ಬೇಕು. ರೈಲು ವೇಗವನ್ನು ಪಿಕ್ ಅಪ್ ಮಾಡುತ್ತದೆ, ಅಲ್ಲಿ ಕರ್ಮಪದ ಇದ್ದೂ ಅರ್ಥ ಹೆಚ್ಚಳದ್ದೇ.

ಉಪ್ಪಳದವರು ನಗಿಸಿದರೂ ವಿಷಯಕ್ಕೆ ಸೇರಿದ್ದನ್ನೇ ಹೇಳಿದ್ದಾರೆ. ವಾಹನವು ಸರಕನ್ನು ಎತ್ತಿಕೊಳ್ಳುವುದರಿಂದ ಪಿಕಪ್, ಅದರ ವೇಗ ಏರುವುದು ಇನ್ನೊಂದು ಪಿಕಪ್. ನಾನು ಹೇಳಿದ ಎರಡು ದಾರಿಗಳೂ ಅವರ ಒಂದೇ ವಾಕ್ಯದಲ್ಲಿವೆ.

ಗಡಿ ಕನ್ನಡಿಗ:

ಕ್ಷಮಿಸಿ, ಒಂದು ಮಾತು ಹೇಳಲೇಬೇಕು. 1956ರ ನವೆಂಬರ್ 1ರಂದು ಕಾಸರಗೋಡಿನ ನಮ್ಮನ್ನು ದಕ್ಷಿಣ ಕನ್ನಡದಿಂದ ಕಿತ್ತು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು, ಆ ವರದಿ ಕಪಾಟಿನಲ್ಲೇ ಉಳಿಯಿತು. ಮಲಯಾಳದ ಗೈಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಬರೆಯುವ ಸ್ಥಿತಿ ನಮ್ಮ ಹುಡುಗರದ್ದು. ಇಲ್ಲಿ ಹಿರಿಯರು ಕುಳಿತು ಇಂಗ್ಲಿಷಿನವರ ಕೋಳಿಯ ಬಗ್ಗೆ ಬೆರಗುಪಡುತ್ತಿದ್ದಾರೆ.

ಇಂಗ್ಲಿಷಿನವರ ಪಿಕ್ ಅಪ್ ಏನು ಮಹಾ? ನಮ್ಮ ‘ಹಿಡಿ’ಯನ್ನು ನೋಡಿ. ಶೀತ ಹಿಡಿಯುತ್ತದೆ. ಹುಚ್ಚು ಹಿಡಿಯುತ್ತದೆ. ಪೊಲೀಸರು ಹಿಡಿಯುತ್ತಾರೆ. ಬಸ್ಸು ಹಿಡಿಯುತ್ತೇವೆ. ಆಟಿ ತಿಂಗಳಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಗೋಡೆಗೆ ಪಾಚಿ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಕೆಲಸಕ್ಕೆ ಸಮಯ ಹಿಡಿಯುತ್ತದೆ (ಮಾಷ್ಟ್ರು ಮೇಲೆ ಅವರೇ ಬರೆದಿದ್ದಾರೆ, ‘ಬಹಳ ಕಾಲ ಹಿಡಿಯಿತು’ ಎಂದು). ನಮ್ಮ ಮನೆಯ ಹಳೆಯ ರೇಡಿಯೋದಲ್ಲಿ ಮಂಗಳೂರು ಆಕಾಶವಾಣಿ ಹಿಡಿಯುತ್ತಿತ್ತು, ತಿರುವನಂತಪುರ ಹಿಡಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕಾಗಿ ಯಾರೂ ಅತ್ತದ್ದೂ ಇಲ್ಲ. ಪುಟ್ಟ ಪದದ ಬಾಲವಿಲ್ಲದೆ ಒಂದೇ ಧಾತು ಇಷ್ಟು ಕೆಲಸ ಮಾಡುತ್ತದೆ. ಕನ್ನಡ ಕಲಿಯಲು ಬಂದ ಇಂಗ್ಲಿಷಿನವನು ಯಾವ ವೇದಿಕೆಯಲ್ಲಿ ಕುಳಿತು ಅಳಬೇಕು?

ಮುಳ್ಳೇರಿಯದ ನರ್ಸ್:

ಗಡಿ ಕನ್ನಡಿಗರಿಗೆ ಸಿಟ್ಟು ಬಂದದ್ದರಿಂದ ನಮಗೊಂದು ಒಳ್ಳೆಯ ಪಟ್ಟಿ ಸಿಕ್ಕಿತು.

ನಾನು ಈಗ ಇಂಗ್ಲೆಂಡಿನಲ್ಲಿದ್ದೇನೆ. ನರ್ಸ್, ವೈದ್ಯರು ಮುಂತಾದ ಆರೋಗ್ಯ ವೃತ್ತಿಯವರಿಗಾಗಿಯೇ ಇರುವ ಒ.ಇ.ಟಿ. ಎಂಬ ಇಂಗ್ಲಿಷ್ ಪರೀಕ್ಷೆ ಬರೆದು ಬಂದವಳು. ಅದಕ್ಕೆ ಓದುವಾಗ ರೋಗಗಳ ಲ್ಯಾಟಿನ್ ಹೆಸರುಗಳು ಕಷ್ಟವಾಗಲಿಲ್ಲ, ಏಕೆಂದರೆ ಅವು ಕಾಸರಗೋಡಿನಲ್ಲಿಯೂ ಅವೇ. ಕಿವಿ ಚುರುಕಾಗಬೇಕಾದದ್ದು ಅಜ್ಜಅಜ್ಜಿಯರ ಮಾತಿಗೆ. ‘ಒಂದು ಹುಳ ಪಿಕ್ ಅಪ್ ಮಾಡಿದೆ’ ಎಂದು ರೋಗಿ ಹೇಳಿದರೆ ಅವರು ತೋಟದಲ್ಲಿ ಹುಳ ಎತ್ತಿದ್ದಾರೆ ಎಂದಲ್ಲ, ಎಲ್ಲಿಂದಲೋ ಸೋಂಕು ತಗುಲಿದೆ ಎಂದು. ‘ಹಸಿವು ಪಿಕ್ ಅಪ್ ಆಗುತ್ತಿದೆ’ ಎಂದರೆ ಊಟ ಸೇರತೊಡಗಿದೆ. ‘ಬ್ರಿಂಗ್ ಅಪ್’ ಇದಕ್ಕಿಂತ ಅಪಾಯದ ಪದ. ಕಫ ಬ್ರಿಂಗ್ ಅಪ್ ಮಾಡುವುದೆಂದರೆ ಕೆಮ್ಮಿ ಹೊರಹಾಕುವುದು, ಮಗುವನ್ನು ಮಾಡುವುದೆಂದರೆ ಸಾಕಿ ಬೆಳೆಸುವುದು, ಸಭೆಯಲ್ಲಿ ಒಂದು ವಿಷಯವನ್ನು ಮಾಡುವುದೆಂದರೆ ಪ್ರಸ್ತಾಪಿಸುವುದು. ರೋಗಿಯ ಕಡತದಲ್ಲಿ ಯಾವುದನ್ನು ಬರೆಯುತ್ತೇವೆ ಎಂಬುದು ಸಣ್ಣ ವಿಷಯವಲ್ಲ.

ಈಗ ಗಡಿ ಕನ್ನಡಿಗರ ಪಟ್ಟಿಯ ಬಗ್ಗೆ. ಅವರು ಗಮನಿಸಿದ್ದಾರೋ ಇಲ್ಲವೋ, ಅದರೊಳಗೆ ಒಂದು ದೊಡ್ಡ ವ್ಯತ್ಯಾಸ ಕುಳಿತಿದೆ. ಇಂಗ್ಲಿಷಿನಲ್ಲಿ ಶೀತವನ್ನು ಎತ್ತಿಕೊಳ್ಳುವವನು ಮನುಷ್ಯ. ಕನ್ನಡದಲ್ಲಿ ಶೀತವೇ ಮನುಷ್ಯನನ್ನು ಹಿಡಿಯುತ್ತದೆ, ‘ನನಗೆ ಶೀತ ಹಿಡಿಯಿತು’. ಕಲಿಕೆಯಲ್ಲಿಯೂ ಹಾಗೆಯೇ. ಅವರಲ್ಲಿ ಹುಡುಗ ಭಾಷೆಯನ್ನು ಪಿಕ್ ಅಪ್ ಮಾಡುತ್ತಾನೆ. ನಮ್ಮಲ್ಲಿ ವಿದ್ಯೆ ತಲೆಗೆ ಹತ್ತುತ್ತದೆ, ಭಾಷೆ ನಾಲಿಗೆಗೆ ಹತ್ತುತ್ತದೆ, ಹತ್ತದಿದ್ದರೆ ಹುಡುಗನ ತಪ್ಪೇನಿಲ್ಲ ಎಂಬ ಹಾಗೆ! ಮಲಯಾಳದಲ್ಲಿಯೂ ಜ್ವರವೇ ಹಿಡಿಯುವುದು, ‘ಪನಿ ಪಿಡಿಚ್ಚು’ ಎನ್ನುತ್ತಾರೆ. ಕನ್ನಡದಿಂದ ನೇರವಾಗಿ ಯೋಚಿಸಿ ಉತ್ತರ ಬರೆಯುವವರಿಗೆ ಮುಗ್ಗರಿಸುವ ಜಾಗ ಇದು. ಪದ ಗೊತ್ತಿದ್ದರೂ ಕರ್ತೃವನ್ನು ಎಲ್ಲಿಡಬೇಕೆಂದು ತೋಚುವುದಿಲ್ಲ.

ಉಪ್ಪಳದ ಅಡಿಕೆ ವ್ಯಾಪಾರಿ:

ಅಕ್ಕ ಹೇಳಿದ್ದು ಸರಿ. ಮಾಷ್ಟ್ರಲ್ಲಿ ಒಂದು ತಕರಾರು ಇದೆ. ಕೋಳಿ ಕಾಳು ಕುಕ್ಕುವುದನ್ನು ಹೇಳಿದಿರಿ, ನಮ್ಮ ಊರಿನ ಪದವನ್ನು ಮಾತ್ರ ಬಿಟ್ಟಿರಿ. ಮರದ ಬುಡದಲ್ಲಿ ಉದುರಿದ ಅಡಿಕೆಯನ್ನು ನಾವು ಎತ್ತುವುದಿಲ್ಲ, ಹಿಡಿಯುವುದಿಲ್ಲ, ಹೆಕ್ಕುತ್ತೇವೆ. ಗೇರುಬೀಜವನ್ನೂ ಹೆಕ್ಕುತ್ತೇವೆ. ಗೋಣಿಯನ್ನು ಎತ್ತುತ್ತೇವೆ. ಗೋಣಿಯನ್ನು ಹೆಕ್ಕು ಎಂದು ಹೇಳಿದರೆ ಕೆಲಸದವರು ನಕ್ಕಾರು. ಹೆಕ್ಕುವುದಕ್ಕೆ ವಸ್ತು ಸಣ್ಣದಾಗಿರಬೇಕು, ಚದುರಿ ಬಿದ್ದಿರಬೇಕು, ಬಗ್ಗಿ ಒಂದೊಂದಾಗಿ ಆಯಬೇಕು.

ನನ್ನ ಅಂಗಡಿಗೆ ಬರುವ ಬಿಹಾರದ ಹುಡುಗನೊಬ್ಬ ತುಳು, ಮಲಯಾಳ, ಬ್ಯಾರಿ ಮೂರರಲ್ಲಿಯೂ ದರ ಚೌಕಾಶಿ ಮಾಡುತ್ತಾನೆ. ಯಾರೂ ಕಲಿಸಿದ್ದಲ್ಲ. ಅಲ್ಲಿ ಒಂದು ಪದ, ಇಲ್ಲಿ ಒಂದು ಬೈಗುಳ, ಹೀಗೆ ಹೆಕ್ಕಿದ್ದು. ನಿಮ್ಮ ಪಿಕ್ ಅಪ್ ಅದೇ ಅಲ್ಲವೇ?

ಪೆರ್ಲದ ಮಾಷ್ಟ್ರು:

ಅದೇ. ಈ ಚರ್ಚೆಯಲ್ಲಿ ಇದುವರೆಗೆ ಬಂದ ಪದಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದು (ಗಡಿಯವರೇ, ಇನ್ನೊಂದು ‘ಹಿಡಿ’, ಪಟ್ಟಿಗೆ ಸೇರಿಸಿಕೊಳ್ಳಿ). ಭಾಷೆಯನ್ನು ಪಿಕ್ ಅಪ್ ಮಾಡುವುದೆಂದರೆ ತರಗತಿಯಲ್ಲಿ ಕುಳಿತು ಕಲಿಯುವುದಲ್ಲ. ಪಾಠವಿಲ್ಲದೆ, ಇದ್ದಲ್ಲಿಂದಲೇ ಚೂರುಚೂರಾಗಿ ಸಂಪಾದಿಸುವುದು. ನಿಘಂಟಿನಲ್ಲಿ ‘ಕಲಿ’ ಎಂದಷ್ಟೇ ಬರೆದರೆ ಆ ಸೂಕ್ಷ್ಮ ಹೋಗಿಬಿಡುತ್ತದೆ. ‘ಹೆಕ್ಕಿಕೊಳ್ಳು’ ಎಂದರೆ ಉಳಿಯುತ್ತದೆ. ಆ ಹುಡುಗನಿಗೆ ನನ್ನ ನಮಸ್ಕಾರ ತಿಳಿಸಿ.

ಆದರೆ ‘ಹಿಡಿ’ಯೊಂದೇ ಸಾಕು ಎಂಬ ಗಡಿಯವರ ವಾದ ನಿಲ್ಲುವುದಿಲ್ಲ. ಅಡಿಕೆ ಮಾರುಕಟ್ಟೆ ಪಿಕ್ ಅಪ್ ಆದದ್ದಕ್ಕೆ ಮಾರುಕಟ್ಟೆ ಹಿಡಿಯಿತು ಎನ್ನುತ್ತೀರೋ? ಶಾಲೆಯಿಂದ ಮಗುವನ್ನು ಹಿಡಿದು ತಂದೆ ಎಂದರೆ ಮಗು ಓಡಿಹೋಗಿತ್ತು ಎಂದಾಗುತ್ತದೆ. ಪೊಲೀಸರ ವಿಷಯದಲ್ಲಿಯೂ ಒಂದು ಕೂದಲೆಳೆ ಇದೆ. ಇಂಗ್ಲಿಷ್ ಪತ್ರಿಕೆ ಪಿಕ್ ಅಪ್ ಎಂದು ಬರೆದಾಗ ವಿಧಿವತ್ತಾದ ಬಂಧನ ನಡೆದಿದೆ ಎಂದೇ ಇಲ್ಲ, ವಿಚಾರಣೆಗೆ ಕರೆದುಕೊಂಡು ಹೋಗಿರಬಹುದು. ನಮ್ಮ ಪತ್ರಿಕೆಗಳ ‘ವಶಕ್ಕೆ ಪಡೆದರು’ ಅದಕ್ಕೆ ಹತ್ತಿರ, ‘ಬಂಧಿಸಿದರು’ ಅಲ್ಲ.

ಬಾಲವಿಲ್ಲದ ಧಾತು ಎಂದದ್ದನ್ನೂ ಒಪ್ಪಲಾರೆ. ಕನ್ನಡಕ್ಕೂ ಬಾಲಗಳಿವೆ. ತಿನ್ನು ಬೇರೆ, ತಿಂದುಬಿಡು ಬೇರೆ. ನೋಡು ಬೇರೆ, ನೋಡಿಕೊಳ್ಳು ಬೇರೆ. ಬರೆ, ಬರೆದಿಡು, ಬರೆದುಹಾಕು, ಬರೆದುಕೊಡು ಇವುಗಳ ನಡುವಿನ ವ್ಯತ್ಯಾಸವನ್ನು ಹೊರಗಿನವನಿಗೆ ವಿವರಿಸಿ ನೋಡಿ. ಇಂಗ್ಲಿಷಿನ ‘ಈಟ್ ಅಪ್’, ‘ಯೂಸ್ ಅಪ್’ಗಳಲ್ಲಿ ‘ಅಪ್’ ಮೇಲಕ್ಕೆ ಹೋಗುವುದೇ ಇಲ್ಲ. ನಮ್ಮ ‘ಬಿಡು’ ಹೇಗೆ ಏನನ್ನೂ ಬಿಡದೆ ಕೆಲಸ ಪೂರ್ತಿಯಾಯಿತೆಂದು ಮಾತ್ರ ಹೇಳುತ್ತದೆಯೋ ಹಾಗೆ. ಅವರು ದಿಕ್ಕಿನ ಪದವನ್ನು ಬಾಲವಾಗಿಸಿದರು, ನಾವು ಇನ್ನೊಂದು ಕ್ರಿಯಾಪದವನ್ನೇ ಬಾಲವಾಗಿಸಿದೆವು.

ಶಾರ್ಜಾದ ಚಾಲಕ (ಊರು ಮೊಗ್ರಾಲ್):

ನನ್ನ ಹೊಟ್ಟೆಪಾಡೇ ಈ ಪದ. ಪಿಕಪ್ ಮತ್ತು ಡ್ರಾಪ್. ವಿಮಾನ ನಿಲ್ದಾಣದಿಂದ ಜನ, ಲಾಂಡ್ರಿಯಿಂದ ಬಟ್ಟೆ, ಗೋದಾಮಿನಿಂದ ಪೆಟ್ಟಿಗೆ. ಫೋನ್ ಮೊಳಗಿದರೆ ಅದನ್ನೂ ಪಿಕ್ ಅಪ್ ಮಾಡಬೇಕು. ಹಿಂದೆ ತಂತಿಯ ಫೋನಿನ ರಿಸೀವರನ್ನು ನಿಜವಾಗಿಯೇ ಎತ್ತಬೇಕಿತ್ತು. ಈಗ ಪರದೆಯ ಮೇಲೆ ಬೆರಳು ಸವರಿದರೆ ಸಾಕು, ಮಾತು ಮಾತ್ರ ಹಾಗೆಯೇ ಉಳಿದಿದೆ. ನಮ್ಮ ಊರಿನಲ್ಲಿ ಇದಕ್ಕೆ ಮನೆಗೊಂದು ಪದ. ಮಲಯಾಳದವರು ‘ಎಡುಕ್ಕುನ್ನಿಲ್ಲ’ ಎಂದರೆ, ತುಳುವರು ‘ದೆತ್ತಿಜಿ’ ಎನ್ನುತ್ತಾರೆ, ಹವ್ಯಕರು ‘ನೆಗ್ಗಿದ್ದಿಲ್ಲೆ’ ಎನ್ನುತ್ತಾರೆ. ಫೋನ್ ಮಾಡಿದವರ ಸಿಟ್ಟು ಎಲ್ಲ ಭಾಷೆಯಲ್ಲೂ ಒಂದೇ.

ಇಲ್ಲಿಗೆ ಹೊಸದಾಗಿ ಬರುವ ಊರಿನ ಹುಡುಗರಿಗೆ ಎರಡು ಎಚ್ಚರಿಕೆ ಕೊಡುತ್ತೇನೆ. ‘ಪಿಕ್ ಅಪ್ ಆಫ್ಟರ್’ ಎಂದು ಬಂದರೆ ವಾಹನದ ಮಾತೇ ಅಲ್ಲ. ಒಬ್ಬರು ಚೆಲ್ಲಾಪಿಲ್ಲಿ ಮಾಡಿದ್ದನ್ನು ಹಿಂದಿನಿಂದ ಇನ್ನೊಬ್ಬರು ಎತ್ತಿಟ್ಟು ಸ್ವಚ್ಛ ಮಾಡುವುದು. ಎರಡನೆಯದು, ಪರಿಚಯವಿಲ್ಲದ ಹೆಂಗಸನ್ನೋ ಗಂಡಸನ್ನೋ ಪಿಕ್ ಅಪ್ ಮಾಡಿದ ಎಂಬ ಮಾತಿಗೆ ಸಲ್ಲದ ಅರ್ಥವಿದೆ, ಸರಸಕ್ಕೆ ಎಳೆದ ಎಂದು. ಗೆಳೆಯರ ಪ್ರಯಾಣದ ಬಗ್ಗೆ ಇಂಗ್ಲಿಷಿನಲ್ಲಿ ಹೇಳುವಾಗ ಯಾರನ್ನು, ಎಲ್ಲಿಂದ ಎಂಬುದನ್ನು ಪೂರ್ತಿ ಹೇಳುವುದು ಒಳ್ಳೆಯದು.

ಕುಂಬಳೆಯ ಮದ್ದಳೆಗಾರ:

ಸಂಗೀತದಲ್ಲಿಯೂ ಪಿಕಪ್ ಇದೆ ಎಂದು ಯಾರೂ ಹೇಳಲಿಲ್ಲವಲ್ಲ. ಒಂದು, ಗಿಟಾರಿನ ತಂತಿಯ ಅಡಿಯಲ್ಲಿರುವ ಅಯಸ್ಕಾಂತ ಮತ್ತು ತಂತಿಸುರುಳಿ. ತಂತಿಯ ಕಂಪನವನ್ನು ವಿದ್ಯುತ್ತಾಗಿ ಹಿಡಿದುಕೊಡುತ್ತದೆ. ಪಿಟೀಲಿಗೆ ಅಂಟಿಸುವ ಪಿಕಪ್‌ಗಳೂ ಬಂದಿವೆ. ಅದು ಬಿಡಿ, ಅಂಗಡಿಯ ಸರಕು.

ಇನ್ನೊಂದು ನನಗೆ ಪ್ರಿಯವಾದದ್ದು. ಪಾಶ್ಚಾತ್ಯ ಸಂಗೀತದಲ್ಲಿ ಮೊದಲ ಗಟ್ಟಿ ಪೆಟ್ಟಿಗಿಂತ ಮುಂಚೆ ಬರುವ ಸ್ವರಗಳನ್ನು ಪಿಕಪ್ ಎನ್ನುತ್ತಾರೆ. ಹುಟ್ಟುಹಬ್ಬದ ಹಾಡನ್ನು ಕೈತಟ್ಟಿ ಹಾಡಿ ನೋಡಿ. ‘ಹ್ಯಾಪಿ’ ಎಂಬುದು ಮುಂಚೆಯೇ ಜಾರಿಬರುತ್ತದೆ, ಪೆಟ್ಟು ಬೀಳುವುದು ‘ಬರ್ತ್’ ಎಂಬಲ್ಲಿ. ನಮ್ಮಲ್ಲಿ ತಾಳದ ಯಾವ ಜಾಗದಲ್ಲಿ ಹಾಡು ಶುರುವಾಗುತ್ತದೆ ಎಂಬುದನ್ನು ‘ಎತ್ತುಗಡೆ’ ಎನ್ನುತ್ತೇವೆ, ತಮಿಳಿನವರು ‘ಎಡುಪ್ಪು’ ಎನ್ನುತ್ತಾರೆ. ತಾಳಕ್ಕಿಂತ ಮುಂಚೆ ಹಾಡು ಹೊರಟರೆ ಅತೀತ ಎತ್ತುಗಡೆ. ಯಕ್ಷಗಾನದ ಭಾಗವತರು ಪದ್ಯವನ್ನು ‘ಎತ್ತಿದರು’ ಎಂದೇ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಹೇಳುವುದು, ಶುರುಮಾಡಿದರು ಎಂದು ಯಾರು ಹೇಳುತ್ತಾರೆ? ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನು ನಾನು, ಅವರ ಪಿಕಪ್ಪೂ ನಮ್ಮ ಎತ್ತುಗಡೆಯೂ ಎತ್ತುವುದರಿಂದಲೇ ಹುಟ್ಟಿದ್ದನ್ನು ಕಂಡಾಗ ಖುಷಿಯಾಯಿತು. ಒಬ್ಬರಿಂದ ಒಬ್ಬರು ಕದ್ದದ್ದಲ್ಲ ಎಂಬುದೇ ಅದರ ಸೊಗಸು.

ಗಡಿ ಕನ್ನಡಿಗ:

ಮದ್ದಳೆಗಾರರೇ, ಇದಕ್ಕೆ ನನ್ನ ತಕರಾರಿಲ್ಲ. ಎತ್ತು ಎಂಬುದೂ ಸಾಮಾನ್ಯವಲ್ಲ. ಮಾತು ಎತ್ತುತ್ತೇವೆ, ದನಿ ಎತ್ತುತ್ತೇವೆ, ಜಾತ್ರೆಗೆ ಚಂದಾ ಎತ್ತುತ್ತೇವೆ, ಅವತಾರವನ್ನೂ ಎತ್ತುತ್ತೇವೆ.

ಮಾಷ್ಟ್ರ ‘ಬಿಡು’ ವಿಚಾರವನ್ನು ಒಪ್ಪಿದ್ದೇನೆ. ಮಹಾಜನ ವರದಿಯ ವಿಚಾರವನ್ನು ಬಿಟ್ಟಿಲ್ಲ.

ಬದಿಯಡ್ಕದ ಓದುಗ:

ಇಷ್ಟು ಸಿಗುತ್ತದೆಂದು ಎಣಿಸಿರಲಿಲ್ಲ. ಮಾಷ್ಟ್ರೇ, ಇನ್ನೆರಡು ಸಂದೇಹಗಳಿವೆ. ಎರಡು ಪದಗಳ ನಡುವೆ ಕರ್ಮಪದ ಬರಬಹುದೇ? ಒಂದು ಮಾದರಿ ಪ್ರಶ್ನೆಯಲ್ಲಿ ‘ಪಿಕ್ ಇಟ್ ಅಪ್’ ಸರಿ, ‘ಪಿಕ್ ಅಪ್ ಇಟ್’ ತಪ್ಪು ಎಂದಿತ್ತು. ಆದರೆ ಗೈಡಿನಲ್ಲಿ ‘ಪಿಕ್ ಅಪ್ ದ ಬುಕ್’ ಎಂದು ಇದೆ. ಹಾಗೆಯೇ ‘ಪಿಕಪ್’ ಒಂದೇ ಪದವೋ ಎರಡೋ?

ಪೆರ್ಲದ ಮಾಷ್ಟ್ರು:

ಬರಬಹುದು. ‘ಬುಕ್’ನಂಥ ನಾಮಪದವಾದರೆ ನಡುವೆಯೂ ಇಡಬಹುದು, ಕೊನೆಗೂ ಇಡಬಹುದು, ಎರಡೂ ಸರಿ. ‘ಇಟ್’, ‘ಹಿಮ್’, ‘ದೆಮ್’ನಂಥ ಸರ್ವನಾಮವಾದರೆ ನಡುವೆಯೇ ಇಡಬೇಕು. ಗೊತ್ತಿರುವ ವಸ್ತುವಿನ ಮೇಲೆ ಇಂಗ್ಲಿಷ್ ವಾಕ್ಯ ಒತ್ತು ಹಾಕಿ ನಿಲ್ಲಲು ಬಯಸುವುದಿಲ್ಲ ಎಂದು ತಿಳಿದುಕೊಂಡರೆ ಸಾಕು. ಆದರೆ ಎಲ್ಲ ಫ್ರೇಸಲ್ ವರ್ಬ್‌ಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ‘ಲುಕ್ ಆಫ್ಟರ್’ ಬಿಡಿಸಿಕೊಳ್ಳುವುದಿಲ್ಲ, ‘ಇಟ್’ ಅಲ್ಲಿ ಕೊನೆಗೇ ಬರಬೇಕು. ಪರೀಕ್ಷೆಯಲ್ಲಿ ಬಲೆ ಹಾಕಲು ಒಳ್ಳೆಯ ಜಾಗ ಇದು.

ಕ್ರಿಯಾಪದವಾದಾಗ ಎರಡು ಪದ, ನಾಮಪದವಾದಾಗ ಸೇರಿಸಿ ಒಂದೇ ಪದ. ಕಿವಿಗೂ ಗೊತ್ತಾಗುತ್ತದೆ. ವಾಹನದ ಹೆಸರಾದಾಗ ಒತ್ತು ‘ಪಿಕ್’ ಮೇಲೆ, ಎತ್ತುವ ಕ್ರಿಯೆಯಾದಾಗ ‘ಅಪ್’ ಮೇಲೆಯೂ ಒತ್ತು ಬೀಳುತ್ತದೆ.

ಇನ್ನೊಂದನ್ನೂ ಸೇರಿಸಿಕೊಳ್ಳಿ, ‘ಪಿಕ್ ಅಪ್ ಆನ್’. ಯಾರೂ ಬಾಯಿಬಿಟ್ಟು ಹೇಳದ ಸೂಚನೆಯನ್ನು ಗ್ರಹಿಸುವುದು ಅಥವಾ ಆಡಿದ ಮಾತಿನ ಒಂದು ಎಳೆಯನ್ನು ಹಿಡಿದು ಮುಂದುವರಿಸುವುದು. ನಿಂತ ಕೆಲಸವನ್ನು ನಿಂತಲ್ಲಿಂದಲೇ ಮತ್ತೆ ಶುರುಮಾಡುವುದಕ್ಕೂ ಪಿಕ್ ಅಪ್ ಎನ್ನುತ್ತಾರೆ, ಅಲ್ಲಿ ‘ಆನ್’ ಬೇಡ.

ಮುಳ್ಳೇರಿಯದ ನರ್ಸ್:

ಪದಗಳ ನಡುವೆ ಕರ್ಮಪದ ಸಿಕ್ಕಿಕೊಂಡು ನಾಮಪದವೇ ಆದದ್ದೂ ಇದೆ, ‘ಪಿಕ್ ಮಿ ಅಪ್’. ಬಳಲಿದವರಿಗೆ ಚೈತನ್ಯ ಕೊಡುವ ಪಾನೀಯ. ನಮ್ಮಲ್ಲಿ ಸಂಜೆಯ ಚಹಾ ಮಾಡುವ ಕೆಲಸ.

ಶಾರ್ಜಾದ ಚಾಲಕ:

ದುಡ್ಡಿನ ಅರ್ಥವನ್ನು ಎಲ್ಲರೂ ಮರೆತಿದ್ದೀರಿ. ‘ದಾರಿಯಲ್ಲಿ ಹಾಲು ಪಿಕ್ ಅಪ್ ಮಾಡು’ ಎಂದರೆ ಅಂಗಡಿಯಿಂದ ಸುಮ್ಮನೆ ಎತ್ತಿಕೊಂಡು ಬರುವುದಲ್ಲ, ಕೊಂಡು ತರುವುದು, ಕೈಯಿಂದ ಹಣ ಹೋಗುತ್ತದೆ. ‘ಪಾರ್ಸೆಲ್ ಪಿಕ್ ಅಪ್ ಮಾಡು’ ಎಂದರೆ ಹೆಚ್ಚಾಗಿ ಹಣ ಮೊದಲೇ ಕಟ್ಟಿರುತ್ತದೆ, ಸಹಿ ಹಾಕಿ ತಂದರಾಯಿತು. ಹೋಟೆಲಿನಲ್ಲಿ ‘ಬಿಲ್ ಪಿಕ್ ಅಪ್ ಮಾಡುತ್ತೇನೆ’ ಎಂದು ಒಬ್ಬರು ಹೇಳಿದರೆ ಎಲ್ಲರ ಊಟದ ಹಣವನ್ನೂ ಅವರೇ ಕೊಡುತ್ತಾರೆ ಎಂದರ್ಥ.

ಉಪ್ಪಳದ ಅಡಿಕೆ ವ್ಯಾಪಾರಿ:

ಮಾಷ್ಟ್ರು ಉಪ್ಪಳಕ್ಕೆ ಬಂದರೆ ಬಿಲ್ಲನ್ನು ನಾನು ಪಿಕ್ ಅಪ್ ಮಾಡುತ್ತೇನೆ. ಬದಿಯಡ್ಕದ ತಮ್ಮನೂ ಬರಲಿ, ಹೆಕ್ಕುವ ಕೆಲಸವೂ ಇದೆ.

ಪೆರ್ಲದ ಮಾಷ್ಟ್ರು:

ಬರುತ್ತೇನೆ. ಪಿಕಪ್‌ನಲ್ಲಿ ಮಾತ್ರ ಕಳುಹಿಸಬೇಡಿ, ಏರಿನಲ್ಲಿ ಪಿಕಪ್ ಇಲ್ಲವೆಂದು ನೀವೇ ಬರೆದಿದ್ದೀರಿ.